ಆಟದ ಮೇಲಿನ ಪಣ: ಕಾಯ್ದೆ ಒಪ್ಪಿದ್ದೆಷ್ಟು, ಮನೆ ಕಳೆದುಕೊಳ್ಳುವುದೆಷ್ಟು?

ನಮ್ಮ ಭಾಷೆಯಲ್ಲಿ 'ಪಂದ್ಯ' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿವೆ. ಆಡುವವರ ನಡುವಿನ ಸ್ಪರ್ಧೆಯೂ ಪಂದ್ಯವೇ. ನೋಡುವವರು ಕಟ್ಟುವ ಪಣವೂ ಪಂದ್ಯವೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನರಿಗೆ ಮೊದಲಿನ ಅರ್ಥದ ಪಂದ್ಯ ಹೊಸದೇನಲ್ಲ. ಜಾತ್ರೆಯ ಕುಸ್ತಿ ಕಣ, ಭಾರ ಎತ್ತುವ ಸ್ಪರ್ಧೆ, ಎತ್ತುಗಳ ತೆರೆಬಂಡಿ ಇವುಗಳನ್ನು ನೋಡುತ್ತ ಬೆಳೆದ ನಾಡು ಇದು. ಗೆದ್ದ ಪೈಲವಾನನಿಗೆ ಊರ ಹಿರಿಯರು ರುಮಾಲು ಸುತ್ತಿ ಗೌರವಿಸುವುದು ಬಹುಮಾನ. ಅದು ಅವನ ಬೆವರಿಗೆ ಸಂದ ಮರ್ಯಾದೆ. ಕಣದ ಹೊರಗೆ ನಿಂತವನೊಬ್ಬ ಇವನೇ ಗೆಲ್ಲುವನೆಂದು ಹಣ ಕಟ್ಟಿದರೆ ಅದು ಪಣ; ಅದರಲ್ಲಿ ಅವನ ಬೆವರಿನ ಹನಿಯೂ ಇಲ್ಲ. ಈ ಎರಡರ ನಡುವಿನ ಅಂತರವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಇಂದಿನ ದಿನಮಾನಗಳಲ್ಲಿ ಈ ಅಂತರ ಮಸುಕಾಗುತ್ತಿದೆ. ಕ್ರಿಕೆಟ್ ಹಂಗಾಮು ಬಂತೆಂದರೆ ಚಹದಂಗಡಿಯ ಕಟ್ಟೆಯಿಂದ ಹಿಡಿದು ಮಲಗುವ ಕೋಣೆಯ ಮೊಬೈಲಿನವರೆಗೆ ಪಣದ ಮಾತೇ ಮಾತು. ತಂದೆತಾಯಿ ತಡೆದರೆ ಮಕ್ಕಳು "ಇದು ಜೂಜಲ್ಲ, ಜಾಣತನದ ಆಟ, ಇದಕ್ಕೆ ಕಾಯ್ದೆಯ ಒಪ್ಪಿಗೆ ಇದೆ" ಎಂದು ಉತ್ತರಿಸುತ್ತಾರೆ. ಆ ಮಾತಿನಲ್ಲಿ ನಿಜವೆಷ್ಟು ಎಂದು ತಿಳಿಯದೆ ಹಿರಿಯರು ಸುಮ್ಮನಾಗುತ್ತಾರೆ. ಆದುದರಿಂದ ಕಾಯ್ದೆ ನಿಜವಾಗಿ ಏನನ್ನು ಒಪ್ಪಿದೆ, ಒಪ್ಪಿದ ಪಣದಲ್ಲಿಯೂ ಲಾಭ ಯಾರಿಗೆ ಎಂಬುದನ್ನು ಮನೆಮಂದಿಯೆಲ್ಲ ಕೂಡಿ ಓದುವಂತೆ ಇಲ್ಲಿ ವಿವರಿಸಲು ನಾವು ಬಯಸುತ್ತೇವೆ.

ಕಾಯ್ದೆ ಒಪ್ಪಿದ ಪಂದ್ಯ ಯಾವುದು?

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪಣ ಮತ್ತು ಜೂಜಿನ ವಿಷಯ ರಾಜ್ಯಪಟ್ಟಿಯ 34ನೆಯ ನಮೂದಾಗಿದೆ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಇದನ್ನು ನಿಯಂತ್ರಿಸುತ್ತದೆ. ಜೂಜಿನ ಅಡ್ಡೆ ನಡೆಸುವುದು, ಅಲ್ಲಿ ಕುಳಿತು ಆಡುವುದು, ಮಟ್ಕಾ ಚೀಟಿ ಬರೆಯುವುದು, ಕ್ರಿಕೆಟ್ ಮೇಲೆ ಬಾಜಿ ಕಟ್ಟಿಸಿಕೊಳ್ಳುವುದು, ಇವೆಲ್ಲ ಅಪರಾಧ. ಕೇವಲ ಕೌಶಲದ ಆಟಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಉಂಟು.

ಈ ವಿನಾಯಿತಿಯ ದೊಡ್ಡ ಉದಾಹರಣೆ ಕುದುರೆ ಜೂಜು. ಕುದುರೆಯ ತಳಿ, ತರಬೇತಿ, ಸವಾರನ ನೈಪುಣ್ಯ ಇವುಗಳನ್ನು ಅಳೆಯುವ ಬುದ್ಧಿ ಬೇಕಾದುದರಿಂದ ಇದು ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದೆ ಎಂದು ಸರ್ವೋಚ್ಚ ನ್ಯಾಯಾಲಯ 1996ರ ಜನವರಿಯಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ 1891ರಲ್ಲಿ ಆರಂಭವಾದ ಮೈಸೂರು ರೇಸ್ ಕ್ಲಬ್ ಹಾಗೂ 1920ರಲ್ಲಿ ಸ್ಥಾಪಿತವಾದ ಬೆಂಗಳೂರು ಟರ್ಫ್ ಕ್ಲಬ್ ಇವು 1952ರ ರೇಸ್‌ಕೋರ್ಸ್ ಪರವಾನಿಗೆ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಹದಿನೆಂಟು ತುಂಬಿದವರು ಅಲ್ಲಿ ಟೋಟಲೈಜೇಟರ್ ಎಂಬ ಕ್ಲಬ್ಬಿನ ಕಿಟಕಿಯಲ್ಲಿ ಅಥವಾ ಪರವಾನಿಗೆ ಪಡೆದ ಬುಕ್ಕಿಯ ಬಳಿ ಹಣ ಕಟ್ಟಿ ಚೀಟಿ ಪಡೆಯಬಹುದು. ಕಿಟಕಿಯಲ್ಲಿ ಕಟ್ಟಿದ ಹಣವೆಲ್ಲ ಒಂದು ಕಡೆ ಕೂಡುತ್ತದೆ. ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಕಾಯ್ದೆಬದ್ಧ ಪಂದ್ಯವೆಂದರೆ ಇಷ್ಟೇ. ನಮ್ಮ ನಾಲ್ಕೂ ಊರುಗಳಲ್ಲಿ ರೇಸ್‌ಕೋರ್ಸ್ ಇಲ್ಲ. ಕ್ರಿಕೆಟ್, ಕಬಡ್ಡಿ, ಕುಸ್ತಿಗಳ ಮೇಲೆ ಬಾಜಿ ಸ್ವೀಕರಿಸಲು ಕರ್ನಾಟಕದಲ್ಲಿ ಯಾರಿಗೂ ಪರವಾನಿಗೆ ಇಲ್ಲ. ಹಾಗಿದ್ದ ಮೇಲೆ ನಮ್ಮ ಓಣಿಯಲ್ಲಿ ಯಾರಾದರೂ "ಕಾಯ್ದೆಬದ್ಧ" ಎಂದು ಹೇಳಿ ಹಣ ಕೇಳಿದರೆ, ಆ ಮಾತು ಸುಳ್ಳೆಂದು ತಿಳಿಯಬೇಕು.

ಮೊಬೈಲಿನ ಆಟಗಳ ಕಥೆಯೂ ಈಗ ಸ್ಪಷ್ಟವಾಗಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯವು 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರುವರಿ 14ರಂದು ರದ್ದುಪಡಿಸಿತ್ತು. "ಕೋರ್ಟೇ ಒಪ್ಪಿದೆ" ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಆ ತೀರ್ಪು ಕೌಶಲದ ಆಟಗಳ ಕುರಿತಾದದ್ದೇ ಹೊರತು ಕ್ರಿಕೆಟ್ ಬಾಜಿಗೆ ಕೊಟ್ಟ ಅನುಮತಿಯಲ್ಲ. ಅನಂತರ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಪಣಕ್ಕಿಡುವ ಆನ್‌ಲೈನ್ ಆಟ ನಡೆಸುವುದನ್ನು ಈ ಕಾಯ್ದೆ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷಗಳವರೆಗೆ ಸೆರೆ ಹಾಗೂ 1 ಕೋಟಿ ರೂಪಾಯಿಗಳವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಸೆರೆ ಹಾಗೂ 50 ಲಕ್ಷದವರೆಗೆ ದಂಡ ವಿಧಿಸಬಹುದು. ಅಂಕಿತ ಬಿದ್ದ ದಿನಗಳಲ್ಲಿಯೇ ದೇಶದ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಇಂದು ಸಂದೇಶಗಳ ಮೂಲಕ ಗುಟ್ಟಾಗಿ ಬರುವ ಕೊಂಡಿಗಳು ಕಾಯ್ದೆಯ ಕಣ್ಣು ತಪ್ಪಿಸಿ ನಡೆಯುವಂಥವು.

ಗೆದ್ದರೂ ಕೇಳುವ ಹಕ್ಕಿಲ್ಲ

ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಪಣದ ಕರಾರು ಶೂನ್ಯ. ಅಂದರೆ ಗೆದ್ದವನು ಹಣಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಕುದುರೆ ಓಟದ 500 ರೂಪಾಯಿ ಮತ್ತು ಅದಕ್ಕೂ ಮೇಲಿನ ಬಹುಮಾನದ ನಿಧಿಗೆ ಮಾತ್ರ ಅಲ್ಲಿ ವಿನಾಯಿತಿ. ಬುಕ್ಕಿ ಓಡಿಹೋದರೆ ಗೆದ್ದವನಿಗೆ ಗತಿಯಿಲ್ಲ. ಹಾಗೆಯೇ, ಸೋತ ಬಾಜಿಯ ಬಾಕಿಯನ್ನು ಬುಕ್ಕಿಯೂ ನ್ಯಾಯಾಲಯದ ಮೂಲಕ ವಸೂಲಿ ಮಾಡಲಾರ. ಈ ಕಾರಣದಿಂದಲೇ ಆತ ಬೆದರಿಕೆಯ ದಾರಿ ಹಿಡಿಯುತ್ತಾನೆ. ಮನೆಯ ಹೆಣ್ಣುಮಕ್ಕಳು ಹೆದರಿ ಬಂಗಾರ ಒತ್ತೆಯಿಡುವ ಮೊದಲು ಈ ಒಂದು ಕಲಮನ್ನು ನೆನಪಿನಲ್ಲಿಡಬೇಕು.

ಲೆಕ್ಕ ಸುಳ್ಳಾಡುವುದಿಲ್ಲ

ಕಾಯ್ದೆಯನ್ನು ಬದಿಗಿಟ್ಟು ಬರೀ ಲೆಕ್ಕವನ್ನೇ ನೋಡೋಣ. ನಮ್ಮ ಭಾಗದವರಿಗೆ ಪರಿಚಿತವಾದ ಓಸಿ ಆಟದಿಂದಲೇ ಆರಂಭಿಸಬಹುದು. ನೂಲು ನೇಯುವ ನಮ್ಮ ಊರುಗಳವರು ತಿಳಿಯಬೇಕಾದ ವಿಷಯವೆಂದರೆ ಈ ಆಟ ಹುಟ್ಟಿದ್ದೇ ಹತ್ತಿಯ ದರದಿಂದ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು; ಅವುಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 'ಓಪನ್' ಮತ್ತು 'ಕ್ಲೋಜ್' ಎಂಬ ಆ ಎರಡು ದರಗಳೇ 'ಓಸಿ' ಎಂಬ ಹೆಸರಿಗೆ ಮೂಲ. 1960ರ ದಶಕದ ಆರಂಭದಲ್ಲಿ ದರ ಬರುವುದು ನಿಂತಿತು; ಆಟ ನಿಲ್ಲಲಿಲ್ಲ. ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಬಂದು 'ಮಟ್ಕಾ' ಎನಿಸಿತು.

ಎರಡಂಕಿಯ ಸಂಖ್ಯೆಗಳು 00ಯಿಂದ 99ರವರೆಗೆ ಒಟ್ಟು ನೂರು. ಬರುವುದು ಒಂದೇ. ಹೇಳುವುದು "ಒಂದಕ್ಕೆ ಎಂಬತ್ತು". ನೂರು ಸಂಖ್ಯೆಗೂ ಒಂದೊಂದು ರೂಪಾಯಿ ಕಟ್ಟಿದವನ ಕೈಯಿಂದ 100 ಹೋಗುತ್ತದೆ, ಖಂಡಿತವಾಗಿ ಗೆದ್ದರೂ ಮರಳಿ 80 ಬರುತ್ತದೆ. ಉಳಿದ 20 ರೂಪಾಯಿ ಬರೆಸಿಕೊಂಡವನದು. ಕನಸಿನಲ್ಲಿ ಕಂಡ ಅಂಕಿಯಾದರೂ ಸರಿ, ಜಾಣನು ಲೆಕ್ಕಹಾಕಿದ ಅಂಕಿಯಾದರೂ ಸರಿ, ಈ ಕಡಿತ ತಪ್ಪದು.

ಕ್ರಿಕೆಟ್ ಬಾಜಿಯಲ್ಲಿ ಕಡಿತ ಇಷ್ಟು ಎದ್ದು ಕಾಣುವುದಿಲ್ಲ. ಸಮಬಲದ ಎರಡು ತಂಡಗಳಿವೆಯೆಂದು ಇಟ್ಟುಕೊಳ್ಳೋಣ. 100 ರೂಪಾಯಿ ಕಟ್ಟಿ ಗೆದ್ದರೆ ಅಸಲೂ ಸೇರಿ 190 ರೂಪಾಯಿ ಕೊಡುವ ದರವಿದ್ದರೆ, ಸರಾಸರಿಯಲ್ಲಿ ಪ್ರತಿ 100ಕ್ಕೆ ಮರಳುವುದು 95. ಐದು ರೂಪಾಯಿ ತಾನೇ ಎನಿಸಬಹುದು. ಆದರೆ ಬಂದ ಹಣವನ್ನೇ ಮತ್ತೆ ಮತ್ತೆ ಕಟ್ಟುವುದು ಈ ಚಟದ ಗುಣ. 1,000 ರೂಪಾಯಿಯನ್ನು ಹೀಗೆ ಇಪ್ಪತ್ತು ಸಲ ತಿರುಗಿಸಿದರೆ ಸರಾಸರಿ ಉಳಿಯುವುದು ಸುಮಾರು 358. ಪ್ರತಿ ಎಸೆತಕ್ಕೂ ಬಾಜಿ ನಡೆಯುವ ಕಾಲದಲ್ಲಿ ಇಪ್ಪತ್ತು ಸಲಕ್ಕೆ ಒಂದು ಸಂಜೆಯೂ ಬೇಕಿಲ್ಲ.

ಕಾಯ್ದೆ ಒಪ್ಪಿದ ಕುದುರೆ ಪಂದ್ಯದಲ್ಲಿಯೂ ಲೆಕ್ಕ ಹಗುರವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರ ಅದಕ್ಕೆ ಶೇಕಡಾ 40; ಅದೂ ಕಟ್ಟಿದ ಪೂರ್ಣ ಮೊತ್ತದ ಮೇಲೆ. ಗೆದ್ದ ಹಣಕ್ಕೆ ಶೇಕಡಾ 30ರಷ್ಟು ಆದಾಯ ತೆರಿಗೆ ಬೇರೆ. ಸೋತದ್ದನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ. ಮಗ್ಗ ನಡೆಸುವವನು ಇಂಥ ಲೆಕ್ಕದ ವ್ಯಾಪಾರಕ್ಕೆ ಒಂದು ದಿನವಾದರೂ ಕೈ ಹಾಕುವನೇ?

ಒಪ್ಪಿಗೆ ಕೊಟ್ಟ ದೇಶಗಳ ಅನುಭವ

ನಮ್ಮಲ್ಲಿಯೂ ಕ್ರೀಡಾ ಬಾಜಿಯನ್ನು ಕಾಯ್ದೆಯ ಚೌಕಟ್ಟಿಗೆ ತರುವ ವಿಚಾರ ಬಂದಿತ್ತು. 2016ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ಕ್ರಿಕೆಟ್ ಬಾಜಿಗೆ ಮಾನ್ಯತೆ ನೀಡಬೇಕೆಂದು ಶಿಫಾರಸು ಮಾಡಿತು. 2018ರಲ್ಲಿ ಕಾನೂನು ಆಯೋಗವು ತನ್ನ 276ನೆಯ ವರದಿಯಲ್ಲಿ, ತಡೆಯಲಾಗದಿದ್ದರೆ ಕಟ್ಟುನಿಟ್ಟಾಗಿ ನಿಯಂತ್ರಿಸುವ ಮಾರ್ಗವನ್ನು ಚರ್ಚಿಸಿತು. ಗುಟ್ಟಿನ ವ್ಯವಹಾರ ಬಯಲಿಗೆ ಬಂದರೆ ಮೋಸ ಕಡಿಮೆಯಾದೀತು ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಒಪ್ಪಿಗೆ ಕೊಟ್ಟ ನಾಡುಗಳು ಆಮೇಲೆ ಏನು ಮಾಡಿದವು ಎಂಬುದನ್ನೂ ಗಮನಿಸಬೇಕು. ಇಂಗ್ಲೆಂಡಿನಲ್ಲಿ 1961ರಿಂದ ಬಾಜಿಯ ಅಂಗಡಿಗಳಿಗೆ ಪರವಾನಿಗೆ ಇದೆ. ಆ ಅಂಗಡಿಗಳ ಯಂತ್ರಗಳಲ್ಲಿ ಒಂದು ಸಲಕ್ಕೆ 100 ಪೌಂಡ್ ಕಟ್ಟಬಹುದಾಗಿತ್ತು. 2019ರ ಏಪ್ರಿಲಿನಲ್ಲಿ ಅಲ್ಲಿಯ ಸರಕಾರ ಅದನ್ನು 2 ಪೌಂಡಿಗೆ ಇಳಿಸಿತು. 2020ರ ಏಪ್ರಿಲಿನಿಂದ ಕ್ರೆಡಿಟ್ ಕಾರ್ಡಿನಿಂದ, ಅಂದರೆ ಸಾಲದ ಹಣದಿಂದ, ಜೂಜಾಡುವುದನ್ನು ನಿಷೇಧಿಸಿತು. ಕಾಯ್ದೆಬದ್ಧವೆಂದ ಮಾತ್ರಕ್ಕೆ ನಿರಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಊರುಗಳ ದುಡ್ಡಿನ ದಾರಿ

ಪಣದ ಬಲೆ ದುಡ್ಡು ಬರುವ ಹೊತ್ತನ್ನು ಕಾಯುತ್ತಿರುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಕೈಗೆ ವಾರದ ಮಜೂರಿ ಬರುತ್ತದೆ. ಮುಧೋಳ, ಜಮಖಂಡಿಯ ರೈತನಿಗೆ ಕಬ್ಬಿನ ಬಿಲ್ಲು ಒಮ್ಮೆಲೇ ಬರುತ್ತದೆ. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ಭಾಗದ ಮನೆತನಗಳಿಗೆ ಪರಿಹಾರಧನ ಬರುವುದು ಜೀವಮಾನದಲ್ಲಿ ಒಂದೇ ಸಲ. ಹೊಲ ಹೋದ ಮೇಲೆ ಉಳಿದ ಆ ಹಣವೂ ಹೋದರೆ ಮುಂದಿನ ತಲೆಮಾರಿಗೆ ಏನು ಉಳಿದೀತು? ಆದುದರಿಂದ ದೊಡ್ಡ ಮೊತ್ತ ಬಂದ ದಿನವೇ ಸಾಲ, ಶಾಲೆ, ಬೀಜ-ಗೊಬ್ಬರ, ಠೇವಣಿ ಎಂದು ಪಾಲು ಮಾಡಿ, ಗಂಡ-ಹೆಂಡತಿ ಇಬ್ಬರ ಸಹಿಯಿರುವ ಜಂಟಿ ಖಾತೆಯಲ್ಲಿಡುವುದು ಲೇಸು.

ಇನ್ನೊಂದು ಎಚ್ಚರಿಕೆ ಯುವಕರಿಗೆ. ತಿಂಗಳಿಗಿಷ್ಟು ಕಮಿಶನ್ ಕೊಡುವೆವೆಂದು ಹೇಳಿ ಅವರ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕಾರ್ಡುಗಳನ್ನು ಕೇಳುವವರಿದ್ದಾರೆ. ಬಾಜಿಯ ಮತ್ತು ವಂಚನೆಯ ಹಣ ಅದೇ ಖಾತೆಯಿಂದ ಹರಿಯುತ್ತದೆ; ಪೊಲೀಸರು ಮೊದಲು ಹುಡುಕಿ ಬರುವುದು ಖಾತೆಯ ಒಡೆಯನನ್ನು. ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬಾರದು.

ಮನೆಯಲ್ಲಿ ಚಟ ಹೊಕ್ಕಿದ್ದರೆ

ಬಾಜಿಯ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಮನೋವ್ಯಾಧಿಯೆಂದೇ ಸೇರಿಸಿದೆ. ಆದುದರಿಂದ ಬೈದು, ಹೊಡೆದು, ಆಣೆ ಹಾಕಿಸಿ ಬಿಡಿಸುವೆನೆಂದರೆ ಆಗದು. ಹಣ ಕೇಳಲು ದಿನಕ್ಕೊಂದು ಕಾರಣ, ಆಟದ ಹೊತ್ತಿನಲ್ಲಿ ಸಿಡುಕು, ರಾತ್ರಿಯೆಲ್ಲ ಮೊಬೈಲು, ಬಂಗಾರವೋ ಗಾಡಿಯೋ ಕಾಣೆಯಾಗುವುದು, ಇವು ಲಕ್ಷಣಗಳು. ಮೊದಲು ಮನೆಯವರೆಲ್ಲ ಕುಳಿತು ಒಟ್ಟು ಸಾಲವೆಷ್ಟೆಂದು ಒಂದೇ ಹಾಳೆಯಲ್ಲಿ ಬರೆಯಬೇಕು. ಗುಟ್ಟಾಗಿ ಒಮ್ಮೆ ತೀರಿಸಿದ ಸಾಲ ಮತ್ತೆ ಹುಟ್ಟುತ್ತದೆ. ಮೀಟರ್ ಬಡ್ಡಿಯವರ ಕಾಟವಿದ್ದರೆ ವಿಪರೀತ ಬಡ್ಡಿಯನ್ನು ನಿಷೇಧಿಸಿದ 2004ರ ರಾಜ್ಯ ಕಾಯ್ದೆಯಿದೆ. ಪೊಲೀಸರಿಗೆ ದೂರು ಕೊಡಬಹುದು. ಆನ್‌ಲೈನಿನಲ್ಲಿ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮನಸ್ಸಿನ ನೆರವಿಗೆ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿ 14416ರಲ್ಲಿ ಹಗಲಿರುಳು ಕನ್ನಡದಲ್ಲಿಯೇ ದೊರೆಯುತ್ತದೆ, ಖರ್ಚಿಲ್ಲ. ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಎಂದೂ ಬರೀ ಮಾತೆಂದು ಬಿಡಬಾರದು. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

ಮುಧೋಳದ ಮಣ್ಣಿನಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನ ಹತ್ತನೆಯ ಶತಮಾನದಲ್ಲಿ 'ಗದಾಯುದ್ಧ'ವನ್ನು ರಚಿಸಿದನು. ಆ ಕಾವ್ಯದ ರಣರಂಗಕ್ಕೆ ಬೀಜ ಬಿದ್ದದ್ದು ಒಂದು ಜೂಜಿನ ಹಾಸಿನ ಮೇಲೆ. ಅಂದಿನ ಆ ಜೂಜೂ ಅರಸರ ಒಪ್ಪಿಗೆ ಪಡೆದೇ ನಡೆದ ಆಟವಾಗಿತ್ತು ಎಂಬುದನ್ನು ನಾವು ಮರೆಯಬಾರದು. ಒಪ್ಪಿಗೆ ಇದ್ದ ಮಾತ್ರಕ್ಕೆ ಸೋತವರ ಮನೆ ಉಳಿಯಲಿಲ್ಲ. ಶರಣರು ನಮಗೆ ಕಲಿಸಿದ್ದು ಕಾಯಕದಿಂದ ಬಂದದ್ದನ್ನು ಹಂಚಿ ಉಣ್ಣುವ ದಾರಿ. ಒಬ್ಬನ ಸೋಲೇ ಇನ್ನೊಬ್ಬನ ಗಳಿಕೆಯಾಗುವ ಪಣಕ್ಕೆ ಆ ದಾರಿಯಲ್ಲಿ ಎಡೆಯಿಲ್ಲ. ಮಕ್ಕಳು ಆಟವನ್ನು ನೋಡಲಿ, ಆಡಲಿ, ಗೆದ್ದವರನ್ನು ಮನಸಾರೆ ಕೊಂಡಾಡಲಿ. ನೇಯ್ದ ಸೀರೆಯ, ಬೆಳೆದ ಕಬ್ಬಿನ ದುಡ್ಡು ಮಾತ್ರ ಮನೆಗೇ ಬರಲಿ. ಪ್ರತಿ ಮನೆಯಲ್ಲಿ ಈ ಮಾತು ಒಂದು ಸಂಜೆಯಾದರೂ ಚರ್ಚೆಗೆ ಬರಲೆಂಬುದು ನಮ್ಮ ಆಶಯ.