ಪ್ರಾಕ್ಸಿಯ ಮೂಲಕ ಅಣಕು ಉತ್ತರ: ಬ್ರೌಸರ್ ಪರೀಕ್ಷೆಯ ಒಂದು ವಿಧಾನ

ಪರೀಕ್ಷಾ ಫಲಿತಾಂಶ ಪ್ರಕಟವಾಗುವ ದಿನ ವಿದ್ಯಾರ್ಥಿಯು ತನ್ನ ನೋಂದಣಿ ಸಂಖ್ಯೆಯನ್ನು ನಮೂದಿಸಿ ಗುಂಡಿಯನ್ನು ಒತ್ತಿದಾಗ ಪುಟವು ಬರಿದಾಗಿಯೇ ಉಳಿಯುವುದುಂಟು. ಸಂಖ್ಯೆ ತಪ್ಪಾಯಿತೇ, ಫಲಿತಾಂಶವನ್ನು ತಡೆಹಿಡಿಯಲಾಗಿದೆಯೇ ಅಥವಾ ದೂರದ ಸರ್ವರ್ ಭಾರ ತಾಳಲಾರದೆ ನಿಂತಿದೆಯೇ ಎಂಬುದು ಆ ಬರಿದಾದ ಪುಟದಿಂದ ತಿಳಿಯದು. ಸರ್ವರ್ ಉತ್ತರಿಸದಿದ್ದರೆ ಏನನ್ನು ತೋರಿಸಬೇಕೆಂಬುದನ್ನು ಪುಟದ ರಚನಕಾರರು ಪರೀಕ್ಷಿಸಿ ನೋಡದಿರುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ನೋಡದಿರುವುದಕ್ಕೂ ಒಂದು ಕಾರಣವಿದೆ. ಸುಸ್ಥಿತಿಯಲ್ಲಿರುವ ಸರ್ವರನ್ನು ಬೇಕೆಂದಾಗ ಕೆಡಿಸಿ, ಬೇಕೆಂದಾಗ ಸರಿಪಡಿಸಲು ಬರುವುದಿಲ್ಲ. ಈ ತೊಡಕನ್ನು ನಿವಾರಿಸಲು ಅನುಸರಿಸುವ ಉಪಾಯಗಳಲ್ಲಿ ಪ್ರಾಕ್ಸಿಯ ಬಳಕೆ ಮುಖ್ಯವಾದುದು.

ಬ್ರೌಸರ್ ಸರ್ವರ್‌ಗೆ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರ್ ಉತ್ತರವನ್ನು ಮರಳಿಸುತ್ತದೆ. ಉತ್ತರದ ಮೊದಲಲ್ಲಿ ಒಂದು ಸ್ಥಿತಿ ಸಂಖ್ಯೆ ಇರುತ್ತದೆ: ಎಲ್ಲವೂ ಸರಿಯಿದ್ದರೆ 200, ಕೇಳಿದ್ದು ಇಲ್ಲದಿದ್ದರೆ 404, ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲದಿದ್ದರೆ 503. ಇವೆರಡರ ನಡುವೆ ನಿಂತು ಕೋರಿಕೆಯನ್ನೂ ಉತ್ತರವನ್ನೂ ಸಾಗಿಸುವ ಮಧ್ಯವರ್ತಿ ತಂತ್ರಾಂಶವೇ ಪ್ರಾಕ್ಸಿ. ಒಬ್ಬರ ಹೆಸರು ಕೂಗಿದಾಗ ಇನ್ನೊಬ್ಬರು ‘ಹಾಜರು’ ಎನ್ನುವ ಪ್ರಾಕ್ಸಿ ಹಾಜರಿಯನ್ನು ಬಲ್ಲ ಶಿಕ್ಷಕರಿಗೆ ಈ ಪದವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪರೀಕ್ಷೆಯ ವೇಳೆ ಪ್ರಾಕ್ಸಿಗೆ ಕೆಲವು ನಿಯಮಗಳನ್ನು ಕೊಡಲಾಗುತ್ತದೆ: ಇಂತಹ ವಿಳಾಸಕ್ಕೆ ಕೋರಿಕೆ ಬಂದರೆ ಮುಂದಕ್ಕೆ ಕಳುಹಿಸದೆ ಬರೆದಿಟ್ಟ ಈ ಉತ್ತರವನ್ನೇ ಕೊಡು, ಉಳಿದವುಗಳನ್ನು ಹೋಗಗೊಡು. ಹೀಗೆ ಕೊಡುವುದೇ ಅಣಕು ಉತ್ತರ. ಅಣಕು ಸಂಸತ್ತಿನಲ್ಲಿರುವಂತೆ ಇಲ್ಲಿಯೂ ಅಣಕಕ್ಕೆ ಅಪಹಾಸ್ಯದ ಅರ್ಥವಿಲ್ಲ.

ಈಗ 503 ಬೇಕೆಂದರೆ 503 ಸಿದ್ಧ. ಉತ್ತರವನ್ನು 20 ಸೆಕೆಂಡು ತಡೆಹಿಡಿಯಬಹುದು, ಅರ್ಧಕ್ಕೇ ಕತ್ತರಿಸಬಹುದು. ಇವುಗಳಲ್ಲಿ ವಿಳಂಬದ ಪರೀಕ್ಷೆಯೇ ಹೆಚ್ಚು ಉಪಯುಕ್ತ. ಸಂಪರ್ಕ ದುರ್ಬಲವಾಗಿರುವ ಗುಡ್ಡಗಾಡಿನ ಶಾಲೆಯೊಂದರಿಂದ ಪ್ರವೇಶ ಅರ್ಜಿಯನ್ನು ಸಲ್ಲಿಸುವವರು ಉತ್ತರ ಬಾರದಿದ್ದಾಗ ಗುಂಡಿಯನ್ನು ಮತ್ತೆ ಒತ್ತುವುದು ಸಹಜ. ಮೊದಲ ಒತ್ತಿಗೇ ಗುಂಡಿಯು ನಿಷ್ಕ್ರಿಯವಾಗಬೇಕು. ಇಲ್ಲವೇ ಎರಡನೆಯ ಕೋರಿಕೆಯನ್ನು ಸರ್ವರ್ ಗುರುತಿಸಿ ಬಿಡಬೇಕು. ಎರಡೂ ಇಲ್ಲದಿದ್ದಲ್ಲಿ ಒಂದೇ ಮಗುವಿನ ಹೆಸರಿನಲ್ಲಿ ಎರಡು ಅರ್ಜಿಗಳಾಗುತ್ತವೆ. ವೇಗದ ಸಂಪರ್ಕವಿರುವ ಕಚೇರಿಯಲ್ಲಿ ಕುಳಿತು ಪುಟವನ್ನು ರಚಿಸುವವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ.

ಕನ್ನಡಕ್ಕೆ ಸಂಬಂಧಿಸಿದ ಪರೀಕ್ಷೆಯೊಂದನ್ನೂ ಇಲ್ಲಿ ಗಮನಿಸಬಹುದು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಉತ್ತರದಲ್ಲಾಗಲಿ ಪುಟದಲ್ಲಾಗಲಿ ಈ ಪದ್ಧತಿಯ ಸೂಚನೆ ಇರದಿದ್ದರೆ ಬ್ರೌಸರ್ ಆ ಬೈಟುಗಳನ್ನು ಬಿಡಿಬಿಡಿಯಾಗಿ ಓದಿ ಅರ್ಥವಿಲ್ಲದ ಚಿಹ್ನೆಗಳನ್ನು ಮೂಡಿಸಬಹುದು. ಪ್ರಾಕ್ಸಿಯಿಂದ ಸೂಚನೆಯನ್ನು ತೆಗೆಸಿ, ಒತ್ತಕ್ಷರಗಳಿರುವ ಉದ್ದನೆಯ ಹೆಸರನ್ನು ಉತ್ತರದಲ್ಲಿರಿಸಿ ನೋಡಿದರೆ ಪುಟವು ಕನ್ನಡಕ್ಕೆ ಎಷ್ಟರಮಟ್ಟಿಗೆ ಸಿದ್ಧವಾಗಿದೆ ಎಂಬುದು ತಿಳಿಯುತ್ತದೆ.

ಬೀಗದ ಗುರುತಿರುವ ಸುರಕ್ಷಿತ ಪುಟಗಳಲ್ಲಿ ಮಾತ್ರ ಮಧ್ಯವರ್ತಿಗೆ ಇಷ್ಟು ಸಲೀಸಾಗಿ ಪ್ರವೇಶವಿಲ್ಲ. ಅಲ್ಲಿ ಸಂದೇಶವು ಗೂಢಲಿಪಿಯಲ್ಲಿರುತ್ತದೆ. ಉತ್ತರಿಸುವವರು ತಮ್ಮ ಗುರುತನ್ನು ಪ್ರಮಾಣಪತ್ರದಿಂದ ಸ್ಥಾಪಿಸಬೇಕು. ಆದ್ದರಿಂದ ಮಿಟ್ಮ್‌ಪ್ರಾಕ್ಸಿಯಂತಹ ಮುಕ್ತ ತಂತ್ರಾಂಶಗಳು ತಮ್ಮದೇ ಪ್ರಮಾಣಪತ್ರವನ್ನು ಸೃಷ್ಟಿಸುತ್ತವೆ, ಪರೀಕ್ಷಕರು ಅದನ್ನು ತಮ್ಮ ಗಣಕದಲ್ಲಿ ನಂಬಿಕೆಗೆ ಅರ್ಹವೆಂದು ಸ್ಥಾಪಿಸುತ್ತಾರೆ. ಇದನ್ನು ಪರೀಕ್ಷೆಗೆಂದೇ ಮೀಸಲಿಟ್ಟ ಗಣಕದಲ್ಲಷ್ಟೇ ಮಾಡತಕ್ಕದ್ದು. ಅಪರಿಚಿತರು ಕೊಟ್ಟ ಪ್ರಮಾಣಪತ್ರವನ್ನು ದಿನಬಳಕೆಯ ಫೋನಿನಲ್ಲಿ ಸ್ಥಾಪಿಸಿಕೊಂಡವರ ಗುಪ್ತಪದಗಳನ್ನು ಇದೇ ವಿಧಾನದಿಂದ ಓದಬಹುದೆಂಬುದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ತಿಳಿಸಬೇಕು.

2004ರಲ್ಲಿ ಜೇಸನ್ ಹಗ್ಗಿನ್ಸ್ ಆರಂಭಿಸಿದ ಸೆಲೆನಿಯಮ್ ಎಂಬ ಪರೀಕ್ಷಾ ಸಾಧನವನ್ನು ಬಳಸುವವರು ಬಹುಕಾಲ ಇಂತಹ ಪ್ರತ್ಯೇಕ ಪ್ರಾಕ್ಸಿಗಳನ್ನು ಅವಲಂಬಿಸಿದ್ದರು. 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಮೊದಲಾದವು ಪ್ರತ್ಯೇಕ ಪ್ರಾಕ್ಸಿಯಿಲ್ಲದೆಯೇ ಬ್ರೌಸರಿನ ಮಟ್ಟದಲ್ಲಿ ಕೋರಿಕೆಯನ್ನು ತಡೆಯಬಲ್ಲವು. ಆದರೂ ಒಂದೇ ನಿಯಮಾವಳಿಯನ್ನು ಫೋನು, ಗಣಕ ಹಾಗೂ ಬೇರೆ ಬೇರೆ ಬ್ರೌಸರುಗಳಿಗೆ ಅನ್ವಯಿಸಬೇಕಾದಲ್ಲಿ ಪ್ರಾಕ್ಸಿಯೇ ಅನುಕೂಲ.

ತರಗತಿಯಲ್ಲಿ ಇದನ್ನು ಗಣಕವಿಲ್ಲದೆಯೂ ಆಡಿಸಬಹುದು. ಮೂವರು ವಿದ್ಯಾರ್ಥಿಗಳು ಬ್ರೌಸರ್, ಪ್ರಾಕ್ಸಿ, ಸರ್ವರ್ ಆಗಲಿ. ಮೊದಲನೆಯವನು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುತ್ತಾನೆ. ನಡುವಿನವಳು ಕೆಲವು ಚೀಟಿಗಳನ್ನು ದಾಟಿಸಿ, ಕೆಲವಕ್ಕೆ ತನ್ನ ಬಳಿ ಮೊದಲೇ ಬರೆದಿಟ್ಟ ಉತ್ತರವನ್ನೇ ಮರಳಿಸುತ್ತಾಳೆ. ಯಾವ ಉತ್ತರ ಯಾರದೆಂದು ಮೊದಲನೆಯವನು ಹೇಳಲಾರನು. ಎರಡನೆಯ ಸುತ್ತಿನಲ್ಲಿ ಶಿಕ್ಷಕರು ಸರ್ವರ್ ಆಗಿರುವವಳ ಕಿವಿಯಲ್ಲಿ ಮಾತ್ರ ಹೇಳಲಿ: ಇನ್ನು ಮುಂದೆ ಅಂಕಗಳ ಬದಲು ಶ್ರೇಣಿಯನ್ನು ಬರೆಯಬೇಕು. ನಡುವಿನವಳು ಹಳೆಯ ಅಂಕಗಳನ್ನೇ ಕೊಡುತ್ತ ಹೋಗುತ್ತಾಳೆ, ಬ್ರೌಸರ್ ಆಗಿರುವವನು ಎಲ್ಲವೂ ಸರಿಯಾಗಿದೆ ಎಂದು ಘೋಷಿಸುತ್ತಾನೆ. ಅವಳನ್ನು ನಡುವಿನಿಂದ ಎಬ್ಬಿಸಿದ ಕೂಡಲೇ ತಬ್ಬಿಬ್ಬಾಗುತ್ತಾನೆ. ಅಣಕು ಉತ್ತರಗಳಿಂದ ಪರೀಕ್ಷಿಸುವವರಿಗೆ ಎದುರಾಗುವ ಅಪಾಯವೂ ಇದೇ ಆದುದರಿಂದ ಅವರು ನಿಜವಾದ ಸರ್ವರ್‌ನ ಉತ್ತರಗಳನ್ನು ಆಗಾಗ ಹೊಸದಾಗಿ ದಾಖಲಿಸಿಕೊಳ್ಳುತ್ತಾರೆ, ಕೆಲವು ಪರೀಕ್ಷೆಗಳನ್ನು ಪ್ರಾಕ್ಸಿಯಿಲ್ಲದೆಯೇ ನಡೆಸುತ್ತಾರೆ.