ಪುಟ್ಟ ಕೈ ಹೆಣೆದ ಕಾಗದದ ಚಾಪೆ

ಎರಡು ಬಣ್ಣದ ಕಾಗದ ಸಾಕು. ಒಂದರಲ್ಲಿ ಉದ್ದುದ್ದ ಸೀಳು, ಇನ್ನೊಂದರಿಂದ ಕತ್ತರಿಸಿದ ಪಟ್ಟಿಗಳು. ಪಟ್ಟಿಯನ್ನು ಒಂದು ಸೀಳಿನಿಂದ ಮೇಲಕ್ಕೆ, ಮುಂದಿನದರಿಂದ ಕೆಳಕ್ಕೆ ತೂರಿಸುತ್ತ ಹೋದರೆ ಹಾಸುಹೊಕ್ಕಾಗಿ ಅಂಗೈಯಗಲದ ಚಾಪೆ ಮೂಡುತ್ತದೆ. ನರ್ಸರಿಯ ಮಗು ಅಮ್ಮನಿಗೆಂದು ಹೆಣೆದು ತಂದ ಇಂಥ ಚಾಪೆಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಸೀರೆಗಳ ನಡುವೆ ಭದ್ರವಾಗಿವೆ. ಹೆಣಿಗೆ ಎಲ್ಲ ನಾಡಿನಲ್ಲೂ ಇತ್ತು. ಅದನ್ನು ಚಿಕ್ಕಮಕ್ಕಳ ಪಾಠವಾಗಿಸಿದ ಕಥೆ ಮಾತ್ರ ಜರ್ಮನಿಯ ತುರಿಂಗಿಯಾದ ಬೆಟ್ಟಸೀಮೆಯದು.

ಫ್ರೆಡ್ರಿಕ್ ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಅಲ್ಲಿನ ಪಾದ್ರಿಯೊಬ್ಬರ ಮನೆಯಲ್ಲಿ. ಒಂಬತ್ತು ತಿಂಗಳಿಗೇ ತಾಯಿ ತೀರಿಕೊಂಡಳು. ಮುಂದೆ ಅರಣ್ಯ ಕೆಲಸ ಕಲಿತ, ಶಿಕ್ಷಣ ಚಿಂತಕ ಪೆಸ್ಟಲೋಜ್ಜಿಯ ಶಾಲೆಯಲ್ಲಿದ್ದ, ಬರ್ಲಿನ್ನಿನಲ್ಲಿ ಹರಳುಗಳ ರಚನೆಯನ್ನು ಅಭ್ಯಾಸ ಮಾಡಿದ. ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ 1837ರಲ್ಲಿ ಪುಟಾಣಿಗಳಿಗಾಗಿ ಕೆಲಸ ಶುರುಮಾಡಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಉಣ್ಣೆಯ ಚೆಂಡು, ಮರದ ಗೋಳ, ಘನ, ಸಿಲಿಂಡರುಗಳು ಮಗು ಆಡಿ ಅರಿಯಲು. ಮಡಿಸುವುದು, ಹೆಣೆಯುವುದು, ಕತ್ತರಿಸುವುದು, ಹೊಲಿಯುವುದು, ಜೇಡಿಮಣ್ಣಿನ ಕೆಲಸಗಳು ಮಗು ತನ್ನೊಳಗಿನದನ್ನು ಹೊರಗೆ ರೂಪವಾಗಿಸಲು. ಈ ಎರಡನೆಯ ಗುಂಪಿನಿಂದಲೇ ಮನೆಗೆ ತರುವ ಉಡುಗೊರೆ ಹುಟ್ಟಿತು.

ಉಡುಗೊರೆಯ ಯೋಚನೆ ಅವನಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ತಾಯಂದಿರಿಗಾಗಿ ಅವನು 1844ರಲ್ಲಿ ಹೊರತಂದ ಆಟ–ಹಾಡುಗಳ ಪುಸ್ತಕ ನೋಡಬೇಕು. ಅದರಲ್ಲಿ ಹೂಬುಟ್ಟಿಯ ಆಟವೊಂದಿದೆ. ತಾಯಿ–ಮಗು ಬೆರಳು ಹೆಣೆದು ಬುಟ್ಟಿ ಮಾಡುತ್ತಾರೆ; ಹೂ ತುಂಬಿ ಅಪ್ಪನಿಗೆ ಒಯ್ಯುವುದು ಆಟದ ಗುರಿ. ಇನ್ನೂ ಮಾತು ಬಲಿಯದ ಕೂಸು ಕೂಡ ಕೊಡಬಲ್ಲದು ಎಂಬ ನಂಬಿಕೆ ನನಗೆ ಅವನ ಮರದ ಆಟಿಕೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಮಗುವಿಗೆ ಕೊಡಿಸುವುದನ್ನೇ ಪ್ರೀತಿಯೆಂದುಕೊಂಡ ನಮಗೆ ಅದು ಇವತ್ತಿಗೂ ಬೇಕು.

1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಅವನ ಅಣ್ಣನ ಮಗ ಕಾರ್ಲ್‌ನ ರಾಜಕೀಯ ವಿಚಾರಗಳನ್ನು ಇವನವೆಂದು ತಿಳಿದದ್ದೂ ಅದಕ್ಕೊಂದು ಕಾರಣ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಗಡಿ ದಾಟಿದ್ದರು. 1856ರಲ್ಲಿ ಮಾರ್ಗರೆಟ್ ಶುರ್ಜ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತನ್ನ ಮನೆಯಲ್ಲೇ ಮಕ್ಕಳನ್ನು ಕೂಡಿಸಿದಳು. ಬೋರ್ಡ್ ಆಟಗಳನ್ನು ತಯಾರಿಸುತ್ತಿದ್ದ ಮಿಲ್ಟನ್ ಬ್ರ್ಯಾಡ್ಲಿ ಈ ಶಾಲೆಗಳಿಗೆ ಬೇಕಾದ ಸಾಮಗ್ರಿ ಮಾರತೊಡಗಿದ. 1876ರಲ್ಲಿ ಟೋಕಿಯೊದಲ್ಲಿ ಶಿಶುಶಾಲೆ ತೆರೆದಾಗ ಜರ್ಮನಿಯ ಕಾಗದ ಮಡಿಕೆ ಜಪಾನಿನ ಮಡಿಕೆಯ ಜೊತೆ ಕೂಡಿಕೊಂಡಿತು.

ಹರಡಿದಂತೆ ಪದ್ಧತಿ ಬಿಗಿಯಾಯಿತು. ಟೀಚರ್ ಹೇಳಿದ ವಿನ್ಯಾಸವನ್ನೇ ಎಲ್ಲ ಮಕ್ಕಳೂ ಹೆಣೆಯಬೇಕು. ಸೂಜಿಯಿಂದ ಕಾಗದದಲ್ಲಿ ಸಣ್ಣ ಸಣ್ಣ ತೂತು ಚುಚ್ಚುವ ಕೆಲಸ ಎಳೆಯ ಕಣ್ಣಿಗೆ ಭಾರವೆಂದು ದೂರು ಬಂತು. ಪ್ಯಾಟಿ ಸ್ಮಿತ್ ಹಿಲ್‌ರಂಥ ಶಿಕ್ಷಕಿಯರು ಕಟ್ಟಿ ಆಡುವ ದೊಡ್ಡ ಮರದ ತುಂಡುಗಳನ್ನು, ಮಗು ತಾನೇ ಆರಿಸಿಕೊಳ್ಳುವ ಕೆಲಸಗಳನ್ನು ತಂದರು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಮಕ್ಕಳಿಗಾಗಿ ಅಂಗನವಾಡಿ ಕಟ್ಟುವಾಗ ದುಬಾರಿ ಸಾಮಾನು ಬಿಟ್ಟು ಅಲ್ಲೇ ಸಿಗುವ ವಸ್ತುಗಳತ್ತ ಹೊರಳಿದರು. ಅದೇ ಹೆಸರು ಹೊತ್ತ ಸರ್ಕಾರಿ ಕೇಂದ್ರಗಳು 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ.

ಕಿಂಡರ್‌ಗಾರ್ಟನ್‌ಗಳ ಆ ಬಿಗಿತ ಈಗ ಬೇರೆ ವೇಷದಲ್ಲಿ ಮರಳಿದೆ. ಅಂಗಡಿಯ ಕಿಟ್‌ನಲ್ಲಿ ಎಲ್ಲವೂ ಕತ್ತರಿಸಿಯೇ ಬರುತ್ತದೆ. ಮಗು ಅಂಟಿಸಿದ್ದು ಸೊಟ್ಟಗಾದರೆ ನಾವು ಕಿತ್ತು ನೆಟ್ಟಗೆ ಮಾಡುತ್ತೇವೆ. ದಯವಿಟ್ಟು ಕೈಹಾಕಬೇಡಿ. ನಾಲ್ಕು ವರ್ಷದ ಮಗು ಎರಡು ಸಾಲು ಸರಿಯಾಗಿ ಹೆಣೆದು ಮೂರನೆಯದರಲ್ಲಿ ತಪ್ಪುತ್ತದೆ. ಆ ತಪ್ಪಿದ ಸಾಲಿನಲ್ಲೇ ಅದರ ಆ ವಯಸ್ಸಿನ ಗುರುತು ಇರುವುದು. ಸೀಳು ಹಾಕಿಕೊಡುವವರೆಗೆ ಮಾತ್ರ ದೊಡ್ಡವರ ಕೆಲಸ. ಪಟ್ಟಿ ಬೆರಳಗಲ ಇರಲಿ, ತುಸು ಗಟ್ಟಿ ಕಾಗದವಾದರೆ ಹರಿಯದು.

ಫ್ರೋಬೆಲ್‌ನ ಇನ್ನೊಂದು ಕೆಲಸ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರ. ಒಣ ಬಟಾಣಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಸಣ್ಣ ಕಡ್ಡಿಗಳ ತುದಿಗೆ ಚುಚ್ಚಿ ಮನೆ, ನಕ್ಷತ್ರ, ಗೋಪುರ ಕಟ್ಟುವುದು. ಕಾಳು ಒಣಗುತ್ತ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಗೋಂದೇ ಬೇಡ. ಗುಮ್ಮಟದಾಕಾರದ ರಚನೆಗಳಿಂದ ಹೆಸರಾದ ಬಕ್‌ಮಿನ್‌ಸ್ಟರ್ ಫುಲ್ಲರ್ ಕಿಂಡರ್‌ಗಾರ್ಟನ್‌ನಲ್ಲಿ ತಾನು ಬಟಾಣಿ–ಕಡ್ಡಿಯಿಂದ ತ್ರಿಕೋನಗಳನ್ನು ಕಟ್ಟಿದ್ದನ್ನು ವಯಸ್ಸಾದ ಮೇಲೂ ನೆನೆಯುತ್ತಿದ್ದ. ತೆಂಗಿನಗರಿಯ ಕಡ್ಡಿ ಮುರಿದುಕೊಟ್ಟರೆ ಸಾಕು. ಸಿಕ್ಕಿದ್ದನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಬಟಾಣಿ ಬೇಡ, ಚಪಾತಿ ಹಿಟ್ಟಿನ ಉಂಡೆಯೇ ಇರಲಿ.

ಚಾಪೆಯನ್ನು ಅಜ್ಜಿಗೋ ಮಾವನಿಗೋ ಕೊಡುವ ಮುನ್ನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ತಾರೀಕು ಬರೆಯಿರಿ. ಇದು ಏನೆಂದು ಮಗುವನ್ನೇ ಕೇಳಿ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಪಕ್ಕದಲ್ಲಿ ಬರೆದಿಡಿ.