ಮಟ್ಟಾಂಚೇರಿಯ ಕೇರಿಗಳು

(ದ್ವಿತೀಯ ಬಿ. ಎ. ವಿದ್ಯಾರ್ಥಿನಿಯ ಲೇಖನ)

ರಜೆಯಲ್ಲಿ ಸಮುದ್ರತೀರಕ್ಕೆ ಹೋಗುವವರು ಸಾಮಾನ್ಯವಾಗಿ ಸಮುದ್ರವನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಮರಳಿನ ಮೇಲೆ ನಡೆದು, ಕಾಲು ತೋಯಿಸಿಕೊಂಡು, ಸೂರ್ಯಾಸ್ತವನ್ನು ಕಂಡು ಬಂದರೆ ಪ್ರವಾಸ ಮುಗಿಯಿತು. ಆದರೆ ಹಳೆಯ ರೇವುಪಟ್ಟಣಗಳಲ್ಲಿ ಕಡಲಿಗಿಂತಲೂ ಕಡಲ ದಾರಿಯಾಗಿ ಬಂದು ನೆಲಸಿದ ಜನರೇ ಹೆಚ್ಚು ಕುತೂಹಲಕ್ಕೆ ಕಾರಣರು. ಕಳೆದ ದಸರಾ ರಜೆಯಲ್ಲಿ ಅಜ್ಜಿ, ತಂದೆ, ತಾಯಿ, ತಮ್ಮ ಮತ್ತು ನಾನು ಕೇರಳದ ಕೊಚ್ಚಿಗೆ ಹೋಗಿ, ಅಲ್ಲಿನ ಮಟ್ಟಾಂಚೇರಿ ಎಂಬ ಭಾಗದಲ್ಲಿ ಎರಡು ದಿನ ಕಾಲ್ನಡಿಗೆಯಲ್ಲೇ ತಿರುಗಾಡಿದೆವು. ಅಲ್ಲಿ ಒಂದು ಬೀದಿ ಮುಗಿದು ಇನ್ನೊಂದು ತೊಡಗುವಷ್ಟರಲ್ಲಿ ಮಾತು, ದೇವರು, ಕಸಬು ಎಲ್ಲವೂ ಬದಲಾಗುತ್ತವೆ. ಈ ಕೇರಿಗಳು ಹೇಗೆ ಹುಟ್ಟಿದವು, ಕೆಲವು ಏಕೆ ಉಳಿದುವು, ಒಂದು ಏಕೆ ಬರಿದಾಯಿತು ಎಂಬುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬಂದರಿನ ಮಾತು. ೧೩೪೧ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಉತ್ತರದ ಕೊಡುಂಗಲ್ಲೂರಿನ ಪುರಾತನ ರೇವು ಹೂಳಿನಿಂದ ಮುಚ್ಚಿಹೋಗಿ, ಕೊಚ್ಚಿಯ ಬಳಿ ಹಿನ್ನೀರಿಗೆ ಹೊಸ ಬಾಯಿ ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ರೇವಿನ ಹಿಂದೆಯೇ ವ್ಯಾಪಾರವೂ ಬಂದಿತು. ೧೫೦೦ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಹಡಗುಗಳು ಇಲ್ಲಿ ಲಂಗರು ಹಾಕಿದುವು. ಕಲ್ಲಿಕೋಟೆಯ ಸಾಮೂದಿರಿಯೊಡನೆ ವೈರವಿದ್ದ ಕೊಚ್ಚಿಯ ರಾಜನು ಅವರನ್ನು ಆದರದಿಂದ ಬರಮಾಡಿಕೊಂಡನು. ೧೫೦೩ರಲ್ಲಿ ಅವರ ಕೋಟೆ ಎದ್ದಿತು. ೧೬೬೩ರಲ್ಲಿ ಡಚ್ಚರೂ, ೧೭೯೫ರಲ್ಲಿ ಇಂಗ್ಲಿಷರೂ ಅದನ್ನು ವಶಪಡಿಸಿಕೊಂಡರು. ಹೀಗೆ ಪಶ್ಚಿಮದ ಕಡಲ ಮೂಲೆ ಪರದೇಶಿಯರ ಕೋಟೆಯಾಯಿತು; ಅಲ್ಲಿಂದ ತುಸು ದೂರದಲ್ಲಿ, ಪೂರ್ವಕ್ಕೆ ಹಿನ್ನೀರಿನ ದಡದಲ್ಲಿರುವ ಮಟ್ಟಾಂಚೇರಿ ರಾಜನ ಊರಾಗಿ ಉಳಿಯಿತು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಕೋಟೆಯವರಿಗೆ ಅಂಜಿದವರು ಅರಮನೆಯ ನೆರಳಿಗೆ ಬಂದರು. ರಾಜನಿಗೂ ವರ್ತಕರು ಬೇಕಾಗಿದ್ದರು. ಅವರ ಸರಕಿನ ಸುಂಕವೇ ಅವನ ಬೊಕ್ಕಸದ ಬಲ. ದಯೆ ಮತ್ತು ಲಾಭ ಎರಡೂ ಕೂಡಿದಲ್ಲಿ ಕೇರಿ ಹುಟ್ಟಿತು.

ಯೆಹೂದ್ಯರ ಕೇರಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಕೊಡುಂಗಲ್ಲೂರಿನಲ್ಲಿ ನೆಲೆ ತಪ್ಪಿದ ಯೆಹೂದ್ಯರಿಗೆ ರಾಜನು ತನ್ನ ಅರಮನೆಯ ಮಗ್ಗುಲಲ್ಲೇ ನಿವೇಶನ ಕೊಟ್ಟನು. ೧೫೬೮ರಲ್ಲಿ ಅವರು ಕಟ್ಟಿದ ಪರದೇಶಿ ಸಿನಗಾಗ್ ಇಂದಿಗೂ ಬೀದಿಯ ತುದಿಯಲ್ಲಿ ನಿಂತಿದೆ. ಅರಮನೆಯ ದೇವಾಲಯಕ್ಕೂ ಈ ಪ್ರಾರ್ಥನಾಮಂದಿರಕ್ಕೂ ನಡುವೆ ಇರುವುದು ಒಂದೇ ಗೋಡೆ. ಡಚ್ಚರ ಪಕ್ಷ ವಹಿಸಿದರೆಂಬ ಕೋಪದಿಂದ ಪೋರ್ಚುಗೀಸರು ೧೬೬೨ರಲ್ಲಿ ಇದನ್ನು ಹಾಳುಗೆಡವಿದರು. ಡಚ್ಚರು ಬಂದ ಮೇಲೆ ಅದು ಮತ್ತೆ ಎದ್ದಿತು. ಒಳಗೆ ಹೋಗುವವರು ನಮ್ಮ ಗುಡಿಗಳಲ್ಲಿಯಂತೆ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಕಾಲ ಕೆಳಗೆ ಚೀನದಿಂದ ತರಿಸಿದ ನೀಲಿ-ಬಿಳಿ ಬಿಲ್ಲೆಗಳು. ಎಲ್ಲವೂ ಕೈಯಿಂದ ಬರೆದವು. ಮೇಲೆ ಗಾಜಿನ ತೂಗುದೀಪಗಳು. ಹೊರಗೆ ೧೭೬೦ರ ಗಡಿಯಾರದ ಗೋಪುರ. ಅದರ ಮುಖಗಳ ಮೇಲೆ ಹೀಬ್ರೂ, ರೋಮನ್, ಮಲಯಾಳ ಅಂಕಿಗಳಿವೆ. ಒಂದೇ ಹೊತ್ತನ್ನು ಬೇರೆ ಬೇರೆ ಜನರಿಗೆ ಅವರವರ ಲಿಪಿಯಲ್ಲೇ ಹೇಳುವ ಇಂಥ ಗೋಪುರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅಜ್ಜಿ ದೀಪಗಳನ್ನೇ ನೋಡುತ್ತಿದ್ದರು. “ಇಷ್ಟು ದೀಪವಿದೆಯಲ್ಲ, ಹಚ್ಚುವವರು ಯಾರು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಸುಲಭವಲ್ಲ. ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾದ ಬಳಿಕ ಕೊಚ್ಚಿಯ ಯೆಹೂದ್ಯರು ಮನೆಮನೆಯಾಗಿ ಅಲ್ಲಿಗೆ ಹೊರಟರು. ಯಾರೂ ಅವರನ್ನು ಅಟ್ಟಲಿಲ್ಲ. ಪೂರ್ವಿಕರ ನಾಡು ಕರೆಯಿತು, ಹೋದರು. ೧೯೬೮ರಲ್ಲಿ ಸಿನಗಾಗಿನ ನಾಲ್ಕುನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಬಂದಿದ್ದಾಗಲೇ ಕೇರಿ ಬಹಳ ಮಟ್ಟಿಗೆ ತೆರವಾಗಿತ್ತು. ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕೆಂಬ ನಿಯಮವಿದೆ. ಇಂದು ಪರದೇಶಿ ಯೆಹೂದ್ಯರನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚು. ಸಮೀಪದಲ್ಲೇ ಇದ್ದ ಕಡವುಂಭಾಗಂ ಸಿನಗಾಗಿನ ಒಳಗಣ ಮರದ ಕೆತ್ತನೆ ಜೆರೂಸಲೇಮಿನ ವಸ್ತುಸಂಗ್ರಹಾಲಯವನ್ನು ಸೇರಿದೆ. ಬರಿದಾಗಿ ಉಳಿದಿದ್ದ ಕಟ್ಟಡದ ಒಂದು ಭಾಗ ೨೦೧೯ರ ಮಳೆಗಾಲದಲ್ಲಿ ಕುಸಿಯಿತು. ಬೀದಿಯ ಹೆಸರು ಮಾತ್ರ ಇನ್ನೂ ‘ಜೂ ಟೌನ್’. ಅವರ ಮನೆಗಳ ಜಗಲಿಗಳಲ್ಲಿ ಈಗ ಹಳೆಯ ಸಾಮಾನುಗಳ ಅಂಗಡಿಗಳಿವೆ. ಕಾಶ್ಮೀರದ ವರ್ತಕರು ಶಾಲುಗಳನ್ನು ಹರವಿ ಕುಳಿತಿದ್ದಾರೆ.

ಇಲ್ಲಿಂದ ಮುಂದೆ ನಡೆದರೆ ಚೆರ್ಲಾಯಿ. ಇದು ಕೊಂಕಣಿಗರ ಕೇರಿ. ೧೫೬೦ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆ ಆರಂಭವಾದ ಕಾಲದಲ್ಲಿ ಅನೇಕ ಗೌಡ ಸಾರಸ್ವತ ಕುಟುಂಬಗಳು ತೀರದುದ್ದಕ್ಕೂ ದಕ್ಷಿಣಕ್ಕೆ ಬಂದುವು. ಕೆಲವರು ನಮ್ಮ ಕನ್ನಡ ಕರಾವಳಿಯಲ್ಲಿ ನಿಂತರು. ಕೆಲವರು ಕೊಚ್ಚಿಯವರೆಗೂ ಹೋದರು. ಇವರ ತಿರುಮಲ ದೇವಸ್ವದ ವೆಂಕಟಾಚಲಪತಿ ದೇವಾಲಯವೇ ಕೇರಿಯ ನಡುಗಂಬ. ಡಚ್ಚರ ಅಧಿಕಾರಿ ವಾನ್ ರೀಡೆಯು ಸಿದ್ಧಪಡಿಸಿದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥಕ್ಕೆ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೊಡನೆ ನೆರವಾದವರು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು. ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಆ ಗ್ರಂಥದ ಮೊದಲ ಸಂಪುಟದಲ್ಲಿ ಅವರ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿಯೇ ಇದೆ. ವಲಸೆ ಬಂದವರು ಬರಿಗೈಯಲ್ಲಿ ಬರುವುದಿಲ್ಲ, ವಿದ್ಯೆಯನ್ನೂ ತರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ನನ್ನ ತಾಯಿಯ ತವರು ಕುಂದಾಪುರ. ನೆರೆಮನೆಯ ಕೊಂಕಣಿಯನ್ನು ಕೇಳಿ ಬೆಳೆದವರು. ಹಪ್ಪಳ ಕೊಳ್ಳಲು ನಿಂತಲ್ಲಿ ಅವರು ಹರಕುಮುರುಕು ಕೊಂಕಣಿಯಲ್ಲಿ ಬೆಲೆ ಕೇಳಿದರು. ಅಂಗಡಿಯಾಕೆ ಬೆಲೆಯನ್ನು ಮರೆತು ಊರು ಯಾವುದೆಂದು ಕೇಳಿದರು. ಆಕೆಯ ಮಾತಿನಲ್ಲಿ ಮಲಯಾಳದ ರಾಗವಿತ್ತು; ಆದರೂ ಅರ್ಧ ಗಂಟೆಯ ಸಂಭಾಷಣೆಗೆ ಅಡ್ಡಿಯಾಗಲಿಲ್ಲ. ನಾಲ್ಕುನೂರು ವರ್ಷಗಳ ಅಗಲಿಕೆಯನ್ನು ಅಡುಗೆಮನೆಯ ಭಾಷೆ ಹೀಗೆ ದಾಟಿತು.

ಗುಜರಾತಿ ಬೀದಿಯಲ್ಲಿ ಜೈನಮಂದಿರವನ್ನೂ ಅದರ ಪಾರಿವಾಳಗಳನ್ನೂ ನೋಡಿದೆವು. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ, ಫೋರ್ಟ್ ಕೊಚ್ಚಿಯ ಕಡೆಗೆ, ವೇಲಿ ಎಂಬಲ್ಲಿ ಧೋಬಿಖಾನೆ ಸಿಗುತ್ತದೆ. ತಮಿಳು ವಣ್ಣಾರ ಪೂರ್ವಿಕರನ್ನು ಡಚ್ಚರು ತಮ್ಮ ಸೈನಿಕರ ಬಟ್ಟೆ ಒಗೆಯಲು ಕರೆತಂದರೆಂದು ಅಲ್ಲಿನವರು ಹೇಳುತ್ತಾರೆ. ಈಗಿನ ಕಟ್ಟಡ ೧೯೭೬ರದು. ಒಗೆಯುವ ಕಲ್ಲು ಮತ್ತು ತೊಟ್ಟಿಗಳಿರುವ ಸಾಲು ಕೊಟ್ಟಿಗೆಗಳು. ಹಿಂದೆ ಒಣಗಿಸುವ ಬಯಲು. ಎರಡು ಹುರಿಯ ಹಗ್ಗದ ಸಂದಿಗೆ ಬಟ್ಟೆಯ ತುದಿಯನ್ನು ಸಿಕ್ಕಿಸುತ್ತಾರೆ. ಕಡಲ ಗಾಳಿಗೂ ಅದು ಹಾರುವುದಿಲ್ಲ. ಡಚ್ಚರು ಹೋದರು, ಇಂಗ್ಲಿಷರು ಹೋದರು. ಮನೆಗಳ, ಹೋಟೆಲುಗಳ ಬಟ್ಟೆ ಬರುತ್ತಲೇ ಇದೆ. ಆದರೆ ಕಲ್ಲಿನ ಮುಂದೆ ನಿಂತವರಲ್ಲಿ ನರೆತ ತಲೆಗಳೇ ಹೆಚ್ಚು. ಓದಿದ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆಂದು ಒಬ್ಬ ಮುದುಕರು ಹೇಳಿದರು. ಅವರ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಅದು ತಪ್ಪೆಂದು ಹೇಳಲು ನಾವು ಯಾರು?

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೇರಿಯನ್ನು ಹುಟ್ಟಿಸುವುದು ಆಶ್ರಯ. ಉಳಿಸುವುದು ದಿನದ ದುಡಿಮೆ, ಮನೆಯ ಮಾತು ಮತ್ತು ಮಕ್ಕಳು. ಇವು ಇಲ್ಲದಾದಾಗ ಕಲ್ಲು, ಗಡಿಯಾರ, ಬಿಲ್ಲೆಗಳನ್ನು ಎಷ್ಟು ಜೋಪಾನ ಮಾಡಿದರೂ ಅದು ಪ್ರದರ್ಶನವಾಗುತ್ತದೆಯೇ ಹೊರತು ಕೇರಿಯಾಗುವುದಿಲ್ಲ. ಹಾಗೆಂದು ಯಾರನ್ನೂ ಹಳೆಯ ಬೀದಿಗೆ ಕಟ್ಟಿಹಾಕಲಾಗದು. ಇರುವಷ್ಟು ಕಾಲ ಹೋಗಿ ನೋಡಿ, ಮಾತನಾಡಿಸಿ, ಕೇಳಿದ್ದನ್ನು ಬರೆದಿಡುವುದು ವಿದ್ಯಾರ್ಥಿಗಳಿಂದ ಆಗುವ ಕೆಲಸ. ಇದಕ್ಕಾಗಿ ಕೊಚ್ಚಿಯವರೆಗೇ ಹೋಗಬೇಕೆಂದಿಲ್ಲ. ಭಟ್ಕಳದ ನವಾಯತರ ಬೀದಿಗಳು, ಬಸರೂರಿನ ಹಳೆಯ ಕೇರಿಗಳು, ಮಂಗಳೂರಿನ ಬಂದರು ಪ್ರದೇಶ ನಮ್ಮ ನಾಡಿನಲ್ಲೇ ಇವೆ. ಮುಂದಿನ ರಜೆಯಲ್ಲಿ ಕರಾವಳಿಗೆ ಹೋಗುವ ಗೆಳೆಯ ಗೆಳತಿಯರು ಒಂದು ಸಂಜೆಯ ಮಟ್ಟಿಗೆ ಸಮುದ್ರಕ್ಕೆ ಬೆನ್ನು ಮಾಡಿ ಕೇರಿಯೊಳಗೆ ನಡೆದರೆ, ಮುಂದಿನ ವರ್ಷದ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನಗಳು ಬರುವುದರಲ್ಲಿ ಸಂದೇಹವಿಲ್ಲ.